ಸಕ್ಕರೆ ಇಲ್ಲದ ಪಂಚಮಿ ಉಂಡಿ

ಪಂಚಮಿಗೆ ಇನ್ನೂ ಎರಡು ತಿಂಗಳಿರುವಾಗ ಮಾಲಕರು ನನ್ನನ್ನು ಭಟ್ಟಿಯ ಪಕ್ಕಕ್ಕೆ ಕರೆದು, ಸಕ್ಕರೆ ಇಲ್ಲದ ಬುಂದೆ ಉಂಡಿ ತಯಾರಿಸು ಎಂದರು. ಅಲ್ಲಿಯವರೆಗೆ ಗದಗಿನ ಆ ಸಣ್ಣ ಸಿಹಿತಿಂಡಿ ಕಾರ್ಖಾನೆಯಲ್ಲಿ ನನ್ನ ಮುಖ್ಯ ಕೆಲಸ ಡಬ್ಬಿಗಳ ಮೇಲೆ ತಾರೀಖಿನ ಮುದ್ರೆ ಒತ್ತುವುದು. ಅದನ್ನೂ ವಾರಕ್ಕೊಮ್ಮೆ ತಲೆಕೆಳಗಾಗಿ ಒತ್ತುತ್ತಿದ್ದೆ. ಕೆಲಸ ಕೇಳುವಾಗ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಎಂದು ಬರೆದುಕೊಟ್ಟಿದ್ದೆ. ಎಷ್ಟನೆಯ ಯತ್ನಕ್ಕೆ ಪಾಸಾದೆ ಎಂದು ಕೇಳುವ ಜಾಗ ಅರ್ಜಿಯಲ್ಲಿ ಇರಲಿಲ್ಲ. ಮಾಲಕರು ನನ್ನನ್ನು ಸೈಂಟಿಸ್ಟ್ ಎಂದು ಕರೆಯುತ್ತಿದ್ದರು. ಚೇಷ್ಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ನಿಜವಾಗಿಯೂ ನಂಬಿದ್ದಾರೆ ಎಂದು ಆ ದಿನ ಗೊತ್ತಾಯಿತು.

ಅವರ ವಿಚಾರ ತಪ್ಪಾಗಿರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಉಂಡಿ. ಶೇಂಗಾದ್ದು, ಎಳ್ಳಿನದು, ಬೇಸನ್ನಿನದು, ಬುಂದೆಯದು, ಮನೆಮನೆಗೆ ತಾಟು ತುಂಬಿ ಹೋಗುತ್ತವೆ, ಬರುತ್ತವೆ. ಪ್ರತಿ ಮನೆಯಲ್ಲೂ ಸಕ್ಕರೆ ಕಾಯಿಲೆಯ ಒಬ್ಬರು ಆ ತಾಟುಗಳಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಅವರಿಗೆಂದೇ ಒಂದು ಡಬ್ಬಿ ತಂದರೆ ಹಬ್ಬಕ್ಕೆ ಮೊದಲೇ ಖಾಲಿಯಾಗುತ್ತದೆ ಎಂಬುದು ಮಾಲಕರ ನಂಬಿಕೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಯವರಿಗೆ ಆಗಲೇ ಹೇಳಿಯೂ ಬಿಟ್ಟಿದ್ದರು.

ನಾನು ಹೂಂ ಎಂದದ್ದು ಮಾಲಕರಿಗಾಗಿ ಅಲ್ಲ, ಅಪ್ಪನ ತಮ್ಮ, ನನ್ನ ಕಾಕಾನಿಗಾಗಿ. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪನ ಕಾಲಕ್ಕೆ ನಮ್ಮ ಮನೆಯ ಮಗ್ಗ ನಿಂತಿತು. ಎರಡು ಓಣಿ ಆಚೆ ಇರುವ ಕಾಕಾ ಮಾತ್ರ ಇನ್ನೂ ಕುಣಿಮಗ್ಗದಲ್ಲಿ ನೇಯುತ್ತಾನೆ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ಒತ್ತಬೇಕು. ಕಣ್ಣು ಸೀರೆಯ ಮೇಲೆ ಇರುತ್ತದೆ, ಹಲಗೆಯ ಅಂಚನ್ನು ಹುಡುಕುವುದು ಕಾಲಿನ ಬೆರಳುಗಳು. ಕಾಕಾನಿಗೆ ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ಆ ಬೇಸಿಗೆಯಲ್ಲಿ ಬಲಗಾಲಿನ ಹೆಬ್ಬೆರಳ ಕೆಳಗೆ ಹಲಗೆ ತಾಗಿ ಗಾಯವಾಗಿತ್ತು. ಪಾದ ಜೋಮು ಹಿಡಿದದ್ದರಿಂದ ಅವನಿಗೆ ಗೊತ್ತೇ ಆಗಿರಲಿಲ್ಲ. ಹಲಗೆಯ ಮೇಲೆ ರಕ್ತ ನೋಡಿದವಳು ಅವನ ಹೆಂಡತಿ, ನನ್ನ ಕಾಕು. ಸಕ್ಕರೆ ಹತೋಟಿಯಲ್ಲಿದ್ದರೆ ಗಾಯ ಮಾಯುತ್ತದೆ, ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬೆರಳಿಲ್ಲದ ಕಾಲಿಗೆ ಹಲಗೆ ಸಿಗುವುದು ಹೇಗೆಂದು ಡಾಕ್ಟರಿಗೆ ಗೊತ್ತಿರಬೇಕಾಗಿರಲಿಲ್ಲ. ನಮಗೆ ಗೊತ್ತಿತ್ತು.

ಕಾಕಾ ಗುಳಿಗೆ ತಪ್ಪಿಸುತ್ತಿರಲಿಲ್ಲ, ಅನ್ನ ಬಿಟ್ಟು ಜೋಳದ ರೊಟ್ಟಿಗೆ ನಿಂತಿದ್ದ. ಅವನಿಂದ ತಡೆಯಲಾಗದ್ದು ಬುಂದೆ ಉಂಡಿ ಒಂದೇ. ಹಿಂದಿನ ವರ್ಷ ಪಂಚಮಿಯ ದಿನ ಕಾಕು ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಳು. ಅರವತ್ತು ದಾಟಿದ ಮನುಷ್ಯ ಏಣಿ ಹಾಕಿ ಸಿಕ್ಕಿಬಿದ್ದಿದ್ದ. ಆ ಮನುಷ್ಯನಿಗೆ ಗಾಯ ಮಾಯುವ ಹಾಗೆಯೇ ಹೊಟ್ಟೆ ತುಂಬ ಉಂಡಿ ತಿನ್ನಿಸಬೇಕು ಎಂದು ನಾನು ಹೊರಟೆ. ಉದ್ದೇಶ ಒಳ್ಳೆಯದಿತ್ತು. ಹೇಳಿಕೊಳ್ಳಲು ನನ್ನ ಬಳಿ ಇರುವುದು ಅದಿಷ್ಟೇ.

ಮೊದಲ ಯತ್ನಕ್ಕೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಿಹಿ ಗುಳಿಗೆಗಳನ್ನು ತಂದೆ. ಚಹಾಕ್ಕೆ ಹಾಕಿಕೊಳ್ಳುತ್ತಾರಲ್ಲ, ಆಸ್ಪರ್ಟೇಮ್, ಅದು. ನೂರಿನ್ನೂರು ಗುಳಿಗೆ ಕುಟ್ಟಿ ನೀರಿಗೆ ಹಾಕಿ, ಪಾಕದ ಹಾಗೆ ಗಟ್ಟಿಯಾಗಲಿ ಎಂದು ಅರ್ಧ ಗಂಟೆ ಕುದಿಸಿದೆ. ನೀರು ಗಟ್ಟಿಯಾಗಲಿಲ್ಲ, ಇದ್ದ ಸಿಹಿಯೂ ಹೋಯಿತು. ಕುದಿಸಿದರೆ ಆ ವಸ್ತು ಒಡೆದು ಸಿಹಿ ಕಳೆದುಕೊಳ್ಳುತ್ತದೆ ಎಂದು ಗುಳಿಗೆಯ ಚೀಟಿಯಲ್ಲೇ ಬರೆದಿತ್ತು. ನಾನು ಓದಿದ್ದು ಆಮೇಲೆ.

ಎರಡನೆಯದು ಸ್ಯಾಕರಿನ್. ಅದು ಕುದಿಗೆ ಹೆದರುವುದಿಲ್ಲ, ಆದರೆ ಕೈ ಸ್ವಲ್ಪ ಜಾರಿದರೆ ಕಹಿ. ನನ್ನ ಕೈ ಸ್ವಲ್ಪ ಜಾರುವ ಕೈ ಅಲ್ಲ, ಪೂರ್ತಿ ಜಾರುವ ಕೈ. ಪಾಕ ನೋಡುವ ಅಕ್ಕ ಒಂದು ಉಂಡಿ ಬಾಯಿಗೆ ಹಾಕಿಕೊಂಡು ಹೊರಗೆ ಓಡಿದಳು. ಕಣಗಿನಹಾಳದಿಂದ ದಿನಾ ಬೆಳಗಿನ ಬಸ್ಸಿಗೆ ಬರುವ ಹೆಂಗಸು ಅವಳು. ಎರಡು ಬೆರಳ ನಡುವೆ ಪಾಕದ ಎಳೆ ಎಳೆದು ನೋಡಿ ಭಟ್ಟಿ ಇಳಿಸುವ ಹೊತ್ತನ್ನು ಹೇಳುತ್ತಿದ್ದಳು, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ವಾಪಸ್ ಬಂದು, ಇದನ್ನು ಹಬ್ಬಕ್ಕೆ ಬೇಡ, ಮಕ್ಕಳಿಗೆ ಮೊಲೆ ಬಿಡಿಸಲು ಮಾರು ಎಂದಳು.

ಮೂರನೆಯದು ಸುಕ್ರಲೋಸ್. ಸಕ್ಕರೆಗಿಂತ ಆರುನೂರು ಪಟ್ಟು ಸಿಹಿ, ಕುದಿಸಿದರೂ ಉಳಿಯುತ್ತದೆ, ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಹೊಟ್ಟೆಗೆ ಏನನ್ನೂ ಕೊಡದೆ ನಾಲಿಗೆಯನ್ನು ಮಾತ್ರ ಸಮಾಧಾನ ಮಾಡುವ ಪುಡಿ. ನಮ್ಮ ತಕ್ಕಡಿ ಐದು ಗ್ರಾಮಿಗಿಂತ ಕಡಿಮೆ ತೋರಿಸುತ್ತಿರಲಿಲ್ಲ, ಆದ್ದರಿಂದ ಐದು ಗ್ರಾಂ ಹಾಕಿದೆ. ಒಂದು ಗಾಣಕ್ಕೆ, ಎಂದರೆ ಒಮ್ಮೆಗೆ ಭಟ್ಟಿಗಿಡುವ ಪಾಕಕ್ಕೆ, ಸಾಸಿವೆಯಷ್ಟು ಸಾಕಿತ್ತು. ಅಂದು ಉಂಡಿಯ ಚೂರು ತಿಂದ ಪಾಕದ ಅಕ್ಕನಿಗೆ ಮಧ್ಯಾಹ್ನದ ರೊಟ್ಟಿ ಸಿಹಿ, ಬದನೆಕಾಯಿ ಪಲ್ಯ ಸಿಹಿ, ಕೊನೆಗೆ ನೀರೂ ಸಿಹಿ. ಸಂಜೆ ಬಸ್ಸು ಹತ್ತುವಾಗ ತನ್ನ ಸಿಟ್ಟು ಕೂಡ ಸಿಹಿಯಾಗಿದೆ, ಇಲ್ಲದಿದ್ದರೆ ಚಪ್ಪಲಿ ತೆಗೆಯುತ್ತಿದ್ದೆ ಎಂದು ಹೇಳಿ ಹೋದಳು.

ದಾರಿ ತೋರಿಸಿದ್ದು ನಮ್ಮ ಮನೆಯ ಪದ್ಧತಿ. ನೂಲಿಗೆ ಬಣ್ಣ ಹಾಕುವಾಗ ಅಪ್ಪ ಪುಡಿಯನ್ನು ನೇರವಾಗಿ ಕಡಾಯಿಗೆ ಸುರಿಯುತ್ತಿರಲಿಲ್ಲ. ಒಂದು ತಂಬಿಗೆ ನೀರಿನಲ್ಲಿ ಕದಡಿ, ಆ ನೀರನ್ನು ಸೌಟಿನ ಲೆಕ್ಕದಲ್ಲಿ ಹಾಕುತ್ತಿದ್ದ. ಪುಡಿ ಅಳೆಯಲು ಬಾರದಿದ್ದರೂ ನೀರು ಅಳೆಯಲು ಬರುತ್ತದೆ. ಐದು ಗ್ರಾಮನ್ನು ದೊಡ್ಡ ಕ್ಯಾನಿನಲ್ಲಿ ಕದಡಿ, ಗಾಣಕ್ಕೆ ಇಷ್ಟು ಚಮಚ ಎಂದು ಗುರುತು ಮಾಡಿಕೊಂಡೆ. ಸಿಹಿ ಸರಿಯಾಗಿ ನಿಂತಿತು. ಮಾಲಕರು ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿದ್ದೇ ಮುಂದಿನದಕ್ಕೆಲ್ಲ ಕಾರಣ. ಬೆಟಗೇರಿಯ ಬುದ್ಧಿಗೆ ಬಗೆಹರಿಯದ ಸಮಸ್ಯೆ ಜಗತ್ತಿನಲ್ಲಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು.

ಸಿಹಿ ಬಂತು, ಉಂಡಿ ಬರಲಿಲ್ಲ. ಸಕ್ಕರೆ ಉಂಡಿಯಲ್ಲಿ ಮೂರು ಕೆಲಸ ಮಾಡುತ್ತದೆ ಎಂದು ನನಗೆ ತಿಳಿದದ್ದು ಅದನ್ನು ತೆಗೆದ ಮೇಲೆ. ಸಿಹಿ ಕೊಡುತ್ತದೆ. ಪಾಕವಾಗಿ ಬುಂದೆ ಕಾಳುಗಳನ್ನು ಒಂದಕ್ಕೊಂದು ಹಿಡಿಸುತ್ತದೆ. ತೇವವನ್ನು ಕಟ್ಟಿಹಾಕಿ ಬೂಜು ಬಾರದಂತೆ ಕಾಯುತ್ತದೆ. ಸುಕ್ರಲೋಸಿನ ನೀರಿನಲ್ಲಿ ಬುಂದೆ ನೆನೆದು ಮೆತ್ತಗಾಯಿತು, ಕೈಯಲ್ಲಿ ಒತ್ತಿದಾಗ ಉಂಡಿಯಾಗಿ ಕಂಡದ್ದು ತಾಟಿನಲ್ಲಿ ಇಟ್ಟ ಕೂಡಲೇ ಕುಸಿಯಿತು. ತುಪ್ಪ ಸುರಿದು ಹೇಗೋ ಕಟ್ಟಿದ ಮೊದಲ ಡಬ್ಬಿಗಳನ್ನು ಮಾಲಕರು ಅವಸರ ಮಾಡಿ ಮುಂಡರಗಿಗೆ ಕಳಿಸಿದರು. ಐದನೆಯ ದಿನ ವಾಪಸ್ ಬಂದವು. ತೆರೆದು ನೋಡಿದರೆ ಪ್ರತಿ ಉಂಡಿಗೂ ಬಿಳಿ ಗಡ್ಡ ಬಂದಿತ್ತು.

ಬೂಜಿಗೆ ಉಪಾಯ ಸುಲಭ. ಪೊಟ್ಯಾಸಿಯಂ ಸೋರ್ಬೇಟ್ ಎಂಬ ಪುಡಿ ಚೂರು ಹಾಕಿದರೆ ಬೂಜು ಹತ್ತಿರ ಬರುವುದಿಲ್ಲ. ಅದಕ್ಕೆ ಎಷ್ಟು ಹಾಕಬಹುದೆಂಬ ಮಿತಿ ಇದೆ. ಬುಂದೆಗೆ ಹಾಕುವ ಹಳದಿ ಬಣ್ಣಕ್ಕೂ ಇದೆ, ಕಿಲೋಗೆ ನೂರು ಮಿಲಿಗ್ರಾಂ. ಎರಡನ್ನೂ ಕ್ಯಾನಿನ ಲೆಕ್ಕದಲ್ಲೇ ಹಾಕಿದೆ, ಮಿತಿ ದಾಟಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಜನ ಹೆದರುವ ಹೆಸರುಗಳೆಲ್ಲ ಇವೇ. ಇವು ಯಾರಿಗೂ ಏನೂ ಮಾಡಲಿಲ್ಲ.

ಉಳಿದದ್ದು ಉಂಡಿ ಹಿಡಿಯುವ ಪ್ರಶ್ನೆ. ಒಂದು ಬೆಳಿಗ್ಗೆ ಕಾಕಾನ ಮನೆಗೆ ಹೋಗಿದ್ದೆ. ಓಣಿಯಲ್ಲಿ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಕಾಕು ಕುಂಚದಿಂದ ಗಂಜಿ ಹಚ್ಚುತ್ತಿದ್ದಳು. ಗಂಜಿ ಇಲ್ಲದಿದ್ದರೆ ನೂಲು ಮಗ್ಗದಲ್ಲಿ ನಾರು ಬಿಟ್ಟು ಹರಿಯುತ್ತದೆ. ಗಂಜಿ ಹಚ್ಚಿದರೆ ಮೈ ಬರುತ್ತದೆ. ಆದರೆ ಗಂಜಿಯನ್ನು ನಾವು ಸೀರೆ ಎಂದು ಎಣಿಸುವುದಿಲ್ಲ. ಒಂದು ಸಲ ಒಗೆದರೆ ಹೋಗುತ್ತದೆ, ಉಳಿಯುವುದು ನೂಲು ಮತ್ತು ಬಣ್ಣ. ಹುಟ್ಟಿದಾಗಿನಿಂದ ಕೇಳಿದ ಮಾತು ಇದು, ಗಂಜಿ ಲೆಕ್ಕಕ್ಕಿಲ್ಲ. ನಾನು ಅಲ್ಲೇ ನಿಂತು ತೊಡೆ ತಟ್ಟಿಕೊಂಡೆ. ಉಂಡಿಗೂ ಗಂಜಿ ಹಾಕಿದರಾಯಿತು.

ಮನೆಯ ಮೈದಾ ಗಂಜಿ ಹಾಕಿದರೆ ಹಿಟ್ಟಿನ ರುಚಿ ಬಂತು. ಆಗ ಹುಬ್ಬಳ್ಳಿಯಿಂದ ಬರುವ ಪುಡಿ ಮಾರುವವರು ಒಂದು ಬಿಳಿ ಚೀಲ ತೋರಿಸಿದರು. ಮಾಲ್ಟೊಡೆಕ್ಸ್‌ಟ್ರಿನ್. ಮೆಕ್ಕೆಜೋಳದ ಪಿಷ್ಟವನ್ನು ಸಣ್ಣಗೆ ಒಡೆದದ್ದು. ಸಿಹಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ, ಬಿಸಿ ನೀರಿಗೆ ಹಾಕಿದರೆ ಜೇನಿನ ಹಾಗೆ ಅಂಟು ಬರುತ್ತದೆ. ಇದು ಸಕ್ಕರೆಯೇ ಎಂದು ಕೇಳಿದೆ. ಅಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಪಿಷ್ಟ ಬಾಯಿಯ ಜೊಲ್ಲಿನಲ್ಲೇ ಸಕ್ಕರೆಯಾಗತೊಡಗುತ್ತದೆ ಎಂಬುದು ನಮ್ಮ ಕಾಲೇಜಿನ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆ ಎರಡು ಅಂಕ ನನಗೆ ಸಿಕ್ಕಿವೆ, ಮುಂದಿನ ಬೆಂಚಿನವನ ಉತ್ತರ ನೋಡಿ ಬರೆದಿದ್ದೆ. ಅವನು ಈಗ ಎಲ್ಲಿದ್ದಾನೋ, ಉಂಡಿ ಮಾಡುವ ಕೆಲಸ ಅವನಿಗೆ ಸಿಗಬೇಕಿತ್ತು.

ಉಂಡಿ ಬಂತು. ಹೊಳಪಿತ್ತು, ಗಟ್ಟಿಯಿತ್ತು, ಬಾಯಲ್ಲಿ ಹದವಾಗಿ ಬಿಡುತ್ತಿತ್ತು. ಪಾಕದ ಅಕ್ಕ ಕೂಡ ಕೊರತೆ ಹುಡುಕಿ ಹೆಸರಿಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ತಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನನ್ನನ್ನು ಕರೆದಳು. ಉಂಡಿಗೆ ಇರುವೆ ಹತ್ತಿದ್ದವು.

"ಮೊದಲಿನ ಉಂಡಿಗೆ ಒಂದ ಇರಿವಿನೂ ಹತ್ತಿರಲಿಲ್ಲ ನೋಡಪಾ. ಇವಕ್ಕ ಸಾಲು ಹಚ್ಚ್ಯಾವ. ಏನ್ ಹಾಕೀದಿ ಇದರಾಗ?"

"ಏನಿಲ್ಲಕ್ಕಾ, ಬರೀ ಗಂಜಿ. ಆ ಇರಿವಿಗೂ ಸಕ್ಕರಿ ಬ್ಯಾನಿ ಇರಬೇಕು, ಹುಡುಕ್ಕೊಂಡ ಬಂದಾವ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಇರುವೆಗಳನ್ನು ಜಾಡಿಸಿ, ತಾಟಿನ ಸುತ್ತ ನೀರು ಬಿಟ್ಟು ಎದ್ದು ಹೋದಳು. ಬಿ.ಎಸ್ಸಿ. ಕಲಿಯದ ಇರುವೆಗಳು ಒಂದೇ ರಾತ್ರಿಯಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಮಾಡಲು ಇನ್ನೂ ಒಂದು ತಿಂಗಳು ಬೇಕಾಯಿತು.

ಈ ಉಂಡಿಯ ಮೊದಲ ಡಬ್ಬಿ ಕಾಕಾನಿಗೆ. ಮಗ್ಗದಿಂದ ಏಳದೆ ಕೈ ಚಾಚಿ ಒಂದು ತೆಗೆದುಕೊಂಡ. ಅರ್ಧ ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದ.

"ಖರೆ ಹೇಳಲೇ, ಸಕ್ಕರಿ ಇಲ್ಲ ಇದರಾಗ?"

"ಇಲ್ಲ ಕಾಕಾ. ದಿನಾ ಮೂರ ತಿನ್ನು. ಇನ್ನ ಗುಳಗಿ ಬಿಡು, ಉಂಡಿನ ತಗೋ."

ನಾನು ಆಡಿದ್ದು ಚೇಷ್ಟೆ. ನನ್ನ ಬಾಯಿಂದ ಬರುವುದರಲ್ಲಿ ಮುಕ್ಕಾಲು ಚೇಷ್ಟೆಯೇ, ಅದು ಓಣಿಗೆಲ್ಲ ಗೊತ್ತು. ಆದರೆ ಆ ದಿನ ನನ್ನ ಅಂಗಿಯ ಜೇಬಿನ ಮೇಲೆ ಕಾರ್ಖಾನೆಯ ಹೆಸರಿತ್ತು, ಕೈಯಲ್ಲಿ ಡಬ್ಬಿ ಇತ್ತು, ಡಬ್ಬಿಯ ಮೇಲೆ ಸಕ್ಕರೆ ಇಲ್ಲ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಮಾಲ್ಟೊಡೆಕ್ಸ್‌ಟ್ರಿನ್ ಎಂಬುದೂ ಅಚ್ಚಾಗಿತ್ತು, ಹಿಂಬದಿಯಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ.

ಡಬ್ಬಿ ಮೂರೂ ಊರಿಗೆ ಹೋಯಿತು. ಬಸ್ಸಿನಲ್ಲಿ ಪೆಟ್ಟಿಗೆ ಹೇರಿಕೊಂಡು ಹೋಗಿ ಕೊಟ್ಟುಬರುವ ಕೆಲಸವೂ ನನ್ನದೇ. ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯವರು ನಾನು ಇಳಿಯುವುದನ್ನೇ ಕಾಯುತ್ತಿದ್ದರು. ಪ್ರತಿ ವಾರ ಕಾಕಾನಿಗೂ ಒಂದು ಡಬ್ಬಿ ಒಯ್ಯುತ್ತಿದ್ದೆ. ಗಾಯ ಮಾಯಲಿಲ್ಲ. ಅಂಚು ಕಪ್ಪಾಗುತ್ತಿದೆ ಎಂದು ಕಾಕು ಹೇಳಿದಳು. ಮಳೆಗಾಲ, ಮಗ್ಗದ ತಗ್ಗಿನಲ್ಲಿ ತೇವ ಇರುತ್ತದೆ, ಅದಕ್ಕೇ ಎಂದೆ. ಒಂದು ರಬ್ಬರ್ ಹಾಸು ತಂದು ತಗ್ಗಿನಲ್ಲಿ ಹಾಸಿದೆ. ಬಹಳ ಕಾಳಜಿಯ ಮಗ ಎಂದು ಓಣಿಯವರು ಹೊಗಳಿದರು.

ಪಂಚಮಿಗೆ ಹನ್ನೆರಡು ದಿನ ಇರುವಾಗ ನನ್ನ ತಲೆಗೆ ಇನ್ನೊಂದು ವಿಚಾರ ಹೊಳೆಯಿತು. ಜನರೆದುರಿಗೇ ರಕ್ತ ಪರೀಕ್ಷೆ ಮಾಡಿ ತೋರಿಸಬೇಕು. ಮೊದಲು ಬೆರಳಿಗೆ ಸೂಜಿ, ಆಮೇಲೆ ಎರಡು ಉಂಡಿ, ಒಂದು ಗಂಟೆ ಬಿಟ್ಟು ಮತ್ತೆ ಸೂಜಿ. ಸಕ್ಕರೆ ಏರಿಲ್ಲ ಎಂದು ಊರಿಗೆ ಊರೇ ನೋಡಬೇಕು. ಮಾಲಕರು ಕುಣಿದಾಡಿದರು. ಬ್ಯಾನರು ಬಂತು, ಸಕ್ಕರೆ ಅಳೆಯುವ ಮೀಟರು ಬಂತು. ಲಕ್ಷ್ಮೇಶ್ವರದ ಅಂಗಡಿಯ ಮುಂದೆ ಟೇಬಲ್ಲು ಹಾಕಿದೆವು. ತನ್ನ ಕುಣಿಕೆಯನ್ನು ಬಜಾರಿನ ನಡುವೆ, ಬ್ಯಾನರು ಕಟ್ಟಿ, ಮಾಲಕರ ಖರ್ಚಿನಲ್ಲಿ ಕಟ್ಟಿಕೊಂಡವನು ನಾನೊಬ್ಬನೇ ಇರಬೇಕು.

ಮೊದಲು ಬಂದವರು ಅಡರಕಟ್ಟಿಯ ಒಬ್ಬ ನಿವೃತ್ತ ಮಾಸ್ತರರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನೂರಾ ನಲವತ್ತು ಚಿಲ್ಲರೆ ಬಂತು. ಎರಡು ಉಂಡಿ ತಿಂದು, ಕುರ್ಚಿಯಲ್ಲಿ ಕುಳಿತು ಪೇಪರು ಓದಿದರು. ಒಂದು ಗಂಟೆಯ ಮೇಲೆ ಮೀಟರು ಇನ್ನೂರಾ ಎಂಬತ್ತು ದಾಟಿತು. ಬೆರಳಿಗೆ ಉಂಡಿಯ ಅಂಟು ಹತ್ತಿದೆ, ಅದಕ್ಕೇ ಹೀಗೆ ಎಂದು ನಾನು ಜನರಿಗೆ ವಿವರಿಸಿದೆ. ಹಾಗೆ ಆಗುವುದುಂಟು. ಸೋಪು ಹಚ್ಚಿ ಕೈ ತೊಳೆಸಿ, ಒರೆಸಿ, ಬೇರೆ ಕೈಯ ಬೆರಳು ಚುಚ್ಚಿದೆ. ಅಷ್ಟೇ ಬಂತು. ಮೀಟರಿಗೆ ಬೇರೆ ಪಟ್ಟಿ ಹಾಕಿದೆ. ಇನ್ನೂ ನಾಲ್ಕು ಹೆಚ್ಚು ಬಂತು.

ಮಾಸ್ತರರು ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡರು.

"ತಮ್ಮಾ, ನನ್ನ ಬೆರಳ ಎಷ್ಟ ಚುಚ್ಚತೀಯೋ. ಒಂದ ಸಲ ಆ ಉಂಡಿಗೆ ಚುಚ್ಚಿ ನೋಡು."

ಮಾಲಕರು ಮೀಟರು ಕೆಟ್ಟಿದೆ ಎಂದು ಹೇಳಿ ಬ್ಯಾನರು ಬಿಚ್ಚಿಸಿದರು. ನಾನು ಮೀಟರನ್ನು ಕಿಸೆಯಲ್ಲಿಟ್ಟುಕೊಂಡು ಬಂದೆ.

ಮರುದಿನದಿಂದ ಮೂರು ಬೆಳಿಗ್ಗೆ ನನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡೆ. ನನಗೆ ಸಕ್ಕರೆ ಕಾಯಿಲೆ ಇಲ್ಲ, ಇದ್ದಿದ್ದರೂ ನನ್ನ ಚೇಷ್ಟೆಯ ನಾಲಿಗೆಯಿಂದ ಕೇಳಿ ಯಾರೂ ನಂಬುತ್ತಿರಲಿಲ್ಲ. ಮೊದಲ ದಿನ ಬರೀ ಕರಿದ ಬುಂದೆ, ಪಾಕ ಹಾಕದ್ದು. ಅಂಕಿ ಸ್ವಲ್ಪ ಏರಿ ಇಳಿಯಿತು. ಎರಡನೆಯ ದಿನ ಬಿಳಿ ಪುಡಿ ಮಾತ್ರ, ಉಂಡಿಗಳಿಗೆ ಹಾಕುವಷ್ಟೇ ತೂಗಿ ನೀರಿನಲ್ಲಿ ಕದಡಿ ಕುಡಿದೆ. ನಾಲಿಗೆಗೆ ಏನೂ ತಿಳಿಯಲಿಲ್ಲ. ಅರ್ಧ ಗಂಟೆಗೆ ಅಂಕಿ ಎಂಬತ್ತೆಂಟರಿಂದ ನೂರಾ ಅರವತ್ತಕ್ಕೆ ಹಾರಿತ್ತು. ಮೂರನೆಯ ದಿನ ಅಷ್ಟೇ ತೂಕದ ಅಂಗಡಿ ಸಕ್ಕರೆ ಕುಡಿದೆ. ಅದು ನೂರಾ ನಲವತ್ತು ಮುಟ್ಟಲಿಲ್ಲ.

ಅಂದರೆ ಸಕ್ಕರೆ ತೆಗೆದು ನಾನು ಹಾಕಿದ್ದು ಸಕ್ಕರೆಗಿಂತ ಜೋರಾದದ್ದು. ಹೊಟ್ಟೆಗೆ ಏನೂ ಕೊಡದ ಮೂರು ಪುಡಿಗಳನ್ನು, ಸಿಹಿಯದು, ಬೂಜಿನದು, ಬಣ್ಣದ್ದು, ಸಾಸಿವೆಯಷ್ಟು ಅಳೆದು ಅಳೆದು ಹಾಕಿದ್ದೆ. ಲೆಕ್ಕಕ್ಕಿಲ್ಲ ಎಂದುಕೊಂಡ ನಾಲ್ಕನೆಯದನ್ನು ಬೊಗಸೆಯಲ್ಲಿ ಸುರಿದಿದ್ದೆ.

ಮಾಲಕರಿಗೆ ಹೇಳಿದೆ. ಮೂರು ದಿನದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮುಂದಿಟ್ಟೆ. ಅವರು ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. ಅವರೇನೂ ಕೆಟ್ಟವರಲ್ಲ. ಅವರ ತಾಯಿಗೂ ಅದೇ ಕಾಯಿಲೆ, ಆ ಡಬ್ಬಿ ಅವರ ಮನೆಗೂ ಹೋಗಿತ್ತು.

"ಇದರಾಗ ಸಕ್ಕರಿ ಹಾಕೀವೇನು ನಾವು?"

"ಇಲ್ರಿ."

"ಡಬ್ಬಿ ಮ್ಯಾಲ ಏನ್ ಬರದೈತಿ?"

"ಸಕ್ಕರೆ ಇಲ್ಲ ಅಂತ ಬರದೈತ್ರಿ."

"ಹಂಗಾರ ಸುಳ್ಳ ಎಲ್ಲಿ ಐತಿ ತೋರಸು."

ಹಬ್ಬ ಮುಗಿಯಲಿ, ಆಮೇಲೆ ಬೇರೆ ಏನಾದರೂ ನೋಡೋಣ ಎಂದರು. ಹೊರಗೆ ಬಂದಾಗ ನನಗೆ ಹಗುರವೆನಿಸಿತು. ಹೇಳುವವರಿಗೆ ಹೇಳಿದ್ದೇನೆ, ಇನ್ನು ಅವರ ಪಾಡು ಎನಿಸಿತು. ಅಂದು ಸಂಜೆ ಕಾಕಾನ ಓಣಿಯ ಬಾಯಿವರೆಗೆ ಹೋದೆ. ಒಳಗೆ ಮಗ್ಗ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದಿದೆ ಎಂದರೆ ಕಾಲು ನಡೆದಿದೆ, ಕಾಲು ನಡೆದಿದೆ ಎಂದರೆ ಆರಾಮ ಇದ್ದಾನೆ ಎಂದು ನನಗೆ ನಾನೇ ಹೇಳಿಕೊಂಡು ವಾಪಸ್ ಬಂದೆ. ಹೇಳಬೇಕಾದದ್ದು ಒಂದೇ ಮಾತು, ಕಾಕಾ ಅದನ್ನ ತಿನ್ನಬೇಡ ಎಂದು. ಆದರೆ ಹಾಗೆ ಹೇಳಿದ ಕೂಡಲೇ ನಾನು ಸೈಂಟಿಸ್ಟ್ ಆಗಿ ಉಳಿಯುತ್ತಿರಲಿಲ್ಲ. ಓಣಿಯಲ್ಲಿ ಯಾರೂ ನನ್ನನ್ನು ಮೊದಲು ಹಾಗೆ ಕಂಡಿರಲಿಲ್ಲ. ಇನ್ನೆರಡು ದಿನ ಇರಲಿ ಎನಿಸಿತು. ಎರಡು ದಿನ ನಾಲ್ಕಾದವು. ನನ್ನ ತಪ್ಪುಗಳನ್ನೆಲ್ಲ ಹಿಗ್ಗಿಸಿ ಹೇಳಿ ನಗಿಸುವುದು ನನ್ನ ಚಟ. ಈ ನಾಲ್ಕು ದಿನಗಳನ್ನು ಹಿಗ್ಗಿಸಲು ಹೋಗಿಲ್ಲ, ಇದ್ದ ಹಾಗೇ ಬರೆದಿದ್ದೇನೆ.

ಐದನೆಯ ದಿನ ಬೆಳಿಗ್ಗೆ ಕಾರ್ಖಾನೆಗೆ ಹೊರಟವನಿಗೆ ಮಗ್ಗದ ಸದ್ದು ಕೇಳಿಸಲಿಲ್ಲ. ಒಳಗೆ ಹೋದೆ. ಕಾಕಾ ಜಮಖಾನದ ಮೇಲೆ ಮಲಗಿದ್ದ, ಮೈ ಕಾದಿತ್ತು. ಕಾಲಿನ ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ಹೆಬ್ಬೆರಳೂ ಪಕ್ಕದ ಬೆರಳೂ ಕಪ್ಪಾಗಿದ್ದವು. ಕಿಸೆಯಲ್ಲಿದ್ದ ಮೀಟರು ತೆಗೆದು ಚುಚ್ಚಿದೆ. ಅದು ಅಂಕಿಯನ್ನೇ ತೋರಿಸಲಿಲ್ಲ, ತನ್ನ ಅಳತೆ ಮೀರಿದೆ ಎಂದು ಸೂಚಿಸಿ ಸುಮ್ಮನಾಯಿತು. ಗುಳಿಗೆ ತಗೊಂಡಿದ್ದಾನೆಯೇ ಎಂದು ಕಾಕುವನ್ನು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಸಂಜಿ ಗುಳಗಿ ಬಿಟ್ಟ ತಿಂಗಳಾತಲ್ಲೋ. ನೀನ ಹೇಳೀದಿ ಅಂದ್ರು. ಉಂಡಿ ತಗೊಂಡ್ರ ಬ್ಯಾಡ ಅಂದೀಯಂತ."

ಮೂಲೆಯಲ್ಲಿ ಉಂಡಿ ಖಾಲಿಯಾದ ಡಬ್ಬಿಗಳು ಒಂದರ ಮೇಲೊಂದು ಕುಳಿತಿದ್ದವು. ಕಾಕು ಅವುಗಳಲ್ಲಿ ನೂಲು ಸುತ್ತಿದ ಕಂಡಿಕೆ ತುಂಬಿಟ್ಟಿದ್ದಳು.

ಗದಗಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಸಿಹಿ ತಿನ್ನುತ್ತಿದ್ದಿರಾ ಎಂದು ಡಾಕ್ಟರು ಕೇಳಿದಾಗ ಕಾಕಾ ಬಹಳ ಹೆಮ್ಮೆಯಿಂದ, ಇಲ್ಲ, ಸಕ್ಕರೆ ಇಲ್ಲದ್ದು ಮಾತ್ರ ಎಂದ. ನಾನು ಡಾಕ್ಟರನ್ನು ಹೊರಗೆ ಕರೆದು ಎಲ್ಲ ಹೇಳಿದೆ, ಪುಡಿಯ ಹೆಸರಿನ ಸಮೇತ. ಹತ್ತಾರು ವರ್ಷದ ಕಾಯಿಲೆ, ಜೋಮು ಹಿಡಿದ ಕಾಲು, ಗುಳಿಗೆ ಬಿಟ್ಟದ್ದು, ಇದರಲ್ಲಿ ಯಾವುದು ಎಷ್ಟು ಎಂದು ಹೇಳಲಾಗದು ಎಂದರು. ಬಯ್ಯಲಿಲ್ಲ. ಬಯ್ದಿದ್ದರೆ ಅಷ್ಟಾದರೂ ಮುಗಿಯುತ್ತಿತ್ತು.

ಆಸ್ಪತ್ರೆಯಿಂದ ನೇರವಾಗಿ ಕಾಕಾನ ಮನೆಗೆ ಬಂದೆ. ಹಾಸಿನ ನೂಲಿಗೆಂದು ಕಾಯಿಸಿಟ್ಟ ಗಂಜಿ ಹಾಗೇ ಉಳಿದಿತ್ತು. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದೆ. ಇದರಲ್ಲಿ ಪಿಷ್ಟದ ಪುಡಿ ಇದೆ, ಸಕ್ಕರೆ ಕಾಯಿಲೆ ಇರುವವರು ತಿನ್ನಬೇಡಿ. ಗಂಜಿಯನ್ನು ಒಂದು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಪಂಚಮಿಗೆ ಮೂರು ದಿನ ಉಳಿದಿತ್ತು.

ಶಿರಹಟ್ಟಿಯ ಅಂಗಡಿಯವರು ಚೀಟಿ ಓದಿ ಡಬ್ಬಿಗಳನ್ನು ಒಳಗೆ ಎತ್ತಿಟ್ಟರು. ಲಕ್ಷ್ಮೇಶ್ವರದವರು ಮಾಸ್ತರರ ದಿನವೇ ಮಾರುವುದು ನಿಲ್ಲಿಸಿದ್ದರು, ನನ್ನನ್ನು ಒಳಗೆ ಕರೆಯಲಿಲ್ಲ. ಮುಂಡರಗಿಯಲ್ಲಿ ಅಂಗಡಿಯವರು ಊಟಕ್ಕೆ ಹೋಗಿದ್ದಾಗ ಇಪ್ಪತ್ತು ಮೂವತ್ತು ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಬಂದವರು ಫೋನು ಮಾಡಿದರು. ಮಾಲಕರ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. ನಾಳೆಯಿಂದ ಬರುವುದು ಬೇಡ ಎಂಬುದಷ್ಟು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಬಸ್ಸು ಕಾಯುತ್ತಾ ನಿಂತಿದ್ದಾಗ ಅಂಗಡಿಯವರು ಚಿಂದಿ ಬಟ್ಟೆ ಒದ್ದೆ ಮಾಡಿ ಒಂದೊಂದೇ ಚೀಟಿ ಒರೆಸಿ ತೆಗೆಯುತ್ತಿದ್ದರು. ಗಂಜಿ ನೀರಿಗೆ ಬಿಡುತ್ತದೆ. ಅದನ್ನೂ ನಾನು ಮೊದಲೇ ಯೋಚಿಸಬೇಕಿತ್ತು.

ಪಂಚಮಿ ಆಯಿತು. ಉಂಡಿ ಈಗಲೂ ಬರುತ್ತದೆ, ಅದೇ ಕ್ಯಾನಿನ ಲೆಕ್ಕ, ಅದೇ ಪುಡಿ. ಡಬ್ಬಿಯ ಮೇಲೆ ಈಗ 'ಸಕ್ಕರೆ ಸೇರಿಸಿಲ್ಲ' ಎಂದು ಇನ್ನೂ ದೊಡ್ಡದಾಗಿ ಅಚ್ಚಾಗಿದೆ. ಪಾಕದ ಅಕ್ಕ ಒಮ್ಮೆ ಬಜಾರಿನಲ್ಲಿ ಸಿಕ್ಕಿದ್ದಳು, ಅವಳ ಬಳಿ ಇರುವೆಗಳ ಸುದ್ದಿ ಕೇಳಿದೆ. ಈಗ ತಾಟಿನ ಸುತ್ತ ಇರುವೆ ಪುಡಿ ಎಳೆಯುತ್ತಾರೆ, ಒಂದೂ ಬರುವುದಿಲ್ಲ ಎಂದಳು.

ಕಾಕಾ ಎರಡು ತಿಂಗಳ ಮೇಲೆ ಮಗ್ಗಕ್ಕೆ ಇಳಿದ. ಬಲಗಾಲಿನ ಹಿಮ್ಮಡಿಯಿಂದ ಹಲಗೆ ಹುಡುಕುತ್ತಾನೆ. ಕೆಲವೊಮ್ಮೆ ಸಿಗುವುದಿಲ್ಲ, ಆಗ ಲಾಳಿ ಕೈಯಲ್ಲೇ ನಿಲ್ಲುತ್ತದೆ, ಬಗ್ಗಿ ನೋಡುತ್ತಾನೆ. ಮೊದಲು ತಿಂಗಳಿಗೆ ನೇಯುತ್ತಿದ್ದುದರಲ್ಲಿ ಅರ್ಧವೂ ಆಗುವುದಿಲ್ಲ. ನಾನು ಬೇರೆ ಕೆಲಸ ಸಿಗುವವರೆಗೆ ಎಂದು ಅಲ್ಲಿ ನೂಲಿನ ಕೆಲಸ ಮಾಡುತ್ತಿದ್ದೇನೆ. ಆ ಉಂಡಿಯ ವಿಷಯವನ್ನು ಅವನಿಗೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಡಾಕ್ಟರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಕಾಕು ಅವನಿಗೆ ಹೇಳಿದ್ದಾಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವನಿಗೆ ಗೊತ್ತಿತ್ತು.

ಮೊನ್ನೆ ಹಾಸಿನ ನೂಲಿಗೆ ಗಂಜಿ ಕಾಯಿಸುತ್ತಿದ್ದೆ. ಕಾಕಾ ತಗ್ಗಿನ ಅಂಚಿನಲ್ಲಿ ಕುಳಿತು, ನಾನು ಸೌಟು ತಿರುವುವುದನ್ನು ನೋಡುತ್ತಿದ್ದ.

"ಲೇ ತಮ್ಮಾ, ಅದರಾಗ ಸಕ್ಕರಿ ಐತ್ಯೋ ಇಲ್ಲೋ?"

ಉತ್ತರಕ್ಕೆ ನಾಲ್ಕು ಚೇಷ್ಟೆ ನಾಲಿಗೆಯ ತುದಿಗೆ ಬಂದವು.

"ಐತಿ, ಕಾಕಾ."

"ಹಾಂ. ಹಂಗ ಮೊದಲ ಹೇಳಬೇಕು," ಎಂದ. ಎರಡೂ ಕೈ ನೆಲಕ್ಕೆ ಊರಿ, ಬಲಗಾಲನ್ನು ನಿಧಾನವಾಗಿ ತಗ್ಗಿಗೆ ಇಳಿಸಿ, ಹಿಮ್ಮಡಿಯಿಂದ ಹಲಗೆ ಹುಡುಕತೊಡಗಿದ.